ಹಕ್ಕಿ ಆರೈಕೆ ಮಾಡುವವರಿಗೆ ಕೆಮ್ಮು, ಭೇದಿ, ಊತ ಬಂದರೆ ಎಲ್ಲಿಂದ ಹುಡುಕಬೇಕು?

ಆಷಾಢದ ಗಾಳಿ ಬೀಸತೊಡಗಿದರೆ ನಮ್ಮ ಶೆಡ್ಡಿಗೆ ರಟ್ಟಿನ ಡಬ್ಬಿಗಳು ಬರಲು ಶುರು. ಒಳಗೆ ಗಾಳಿಪಟದ ಮಾಂಜಾ ದಾರಕ್ಕೆ ರೆಕ್ಕೆ ಕುಯ್ಯಿಸಿಕೊಂಡ ಹದ್ದುಗಳು. ಬೇಸಿಗೆಯಲ್ಲಾದರೆ ಬಿಸಿಲಿಗೆ ಸುಸ್ತಾಗಿ ಬಿದ್ದ ಪಾರಿವಾಳ, ಗೂಡಿನಿಂದ ಉದುರಿದ ಗೊರವಂಕದ ಮರಿ, ಕಾಗೆಗಳು ಅಟ್ಟಿಸಿಕೊಂಡು ಬಂದ ಕಣಜ ಗೂಬೆ. ತಂದುಕೊಡುವವರೂ ನೋಡಿಕೊಳ್ಳುವವರೂ ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ, “ಇದು ಬದುಕತ್ತಾ?” ಹತ್ತು ದಿನ ಕಳೆದ ಮೇಲೆ ಅವರಲ್ಲೊಬ್ಬರಿಗೆ ಜ್ವರ ಬಂದರೆ ಆ ಡಬ್ಬಿಯ ನೆನಪೇ ಇರುವುದಿಲ್ಲ.

ಕಾಡುಹಕ್ಕಿಯ ಆರೈಕೆಯಲ್ಲಿ ಸೋಂಕು ಎರಡು ಕಡೆ ಕಾಣಿಸಿಕೊಳ್ಳುತ್ತದೆ, ಹಕ್ಕಿಯ ಮೈಯಲ್ಲಿ ಮತ್ತು ನಮ್ಮ ಮೈಯಲ್ಲಿ. ಎರಡನ್ನೂ ಒಟ್ಟಿಗೆ ನೋಡಿದರೆ ಮಾತ್ರ ಮೂಲ ಸಿಗುವುದು. ನಾನು ಪಶುವೈದ್ಯನಲ್ಲ. ವರ್ಷಗಟ್ಟಲೆ ಪಂಜರ ತೊಳೆದವನು, ಒಂದೆರಡು ಸಲ ಮಲಗಿ ಎದ್ದವನು. ಔಷಧ ಯಾವುದು, ಎಷ್ಟು ಎನ್ನುವುದು ವೈದ್ಯರ ಕೆಲಸ. ಅವರ ಮುಂದೆ ಏನು ಹೇಳಬೇಕು ಅನ್ನುವುದಷ್ಟನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಕ್ಯಾಲೆಂಡರ್ ನೋಡಿ

ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ. ಹಕ್ಕಿ ಮುಟ್ಟಿದ್ದು ಯಾವತ್ತು, ಮೈಗೆ ಆಗದಂತೆ ಅನಿಸಿದ್ದು ಯಾವತ್ತು? ನಡುವೆ ಎಷ್ಟು ದಿನ ಇದೆ ಎಂದು ಎಣಿಸಿ.

ಗಾಯದ ಸುತ್ತ 24 ಗಂಟೆಯೊಳಗೇ ಕೆಂಪಾಗಿ ಊದಿ ಸಿಡಿಯುತ್ತಿದ್ದರೆ ಪಾಶ್ಚುರೆಲ್ಲಾ ಬ್ಯಾಕ್ಟೀರಿಯಾ ಮೇಲೆ ಅನುಮಾನ. 6 ಗಂಟೆಯಿಂದ 6 ದಿನದೊಳಗೆ ಭೇದಿ, ಜ್ವರ ಬಂದರೆ ಸಾಲ್ಮೊನೆಲ್ಲಾ. ಎರಡರಿಂದ ಐದು ದಿನಕ್ಕೆ ಹೊಟ್ಟೆ ನುಲಿಸಿ ಭೇದಿಯಾದರೆ ಕ್ಯಾಂಪಿಲೋಬ್ಯಾಕ್ಟರ್. ಐದರಿಂದ 14 ದಿನಕ್ಕೆ ಜ್ವರ, ತಲೆನೋವು, ಒಣಕೆಮ್ಮು ಶುರುವಾದರೆ ಸಿಟಕೋಸಿಸ್, ಅಂದರೆ ಗಿಳಿಜ್ವರ. ಇವು ಅಂದಾಜಿನ ಗೆರೆಗಳು, ಒಂದರ ಮೇಲೊಂದು ಬೀಳುತ್ತವೆ. ಆದರೂ ಹುಡುಕಾಟದ ಅರ್ಧ ದಾರಿ ಇಲ್ಲೇ ಸವೆಯುತ್ತದೆ.

ಹಕ್ಕಿ ಪುಕ್ಕ ಉಬ್ಬಿಸಿಕೊಂಡು ಕಣ್ಣು ಮುಚ್ಚಿ ಕೂತಿದೆ

ಎತ್ತಿಕೊಳ್ಳಬೇಡಿ. ಐದು ನಿಮಿಷ ದೂರದಿಂದಲೇ ನೋಡಿ. ಕಾಯಿಲೆಯನ್ನು ಮುಚ್ಚಿಡುವುದು ಹಕ್ಕಿಗಳ ಹುಟ್ಟುಗುಣ, ಮನುಷ್ಯ ಹತ್ತಿರ ಬಂದ ಕೂಡಲೇ ನೆಟ್ಟಗೆ ನಿಂತುಬಿಡುತ್ತವೆ. ದೂರದಿಂದ ನೋಡುವಾಗ ಉಸಿರಿಗೊಂದು ಸಲ ಬಾಲ ಮೇಲೆ ಕೆಳಗೆ ಆಡುತ್ತಿದ್ದರೆ ಉಸಿರಾಟಕ್ಕೆ ಕಷ್ಟಪಡುತ್ತಿದೆ ಎಂದರ್ಥ. ಕಣ್ಣಿನ ಸುತ್ತ ಅಂಟು, ಮೂಗಿನ ತೂತಿನ ಬಳಿ ಒಣಗಿದ ಸಿಂಬಳ ಕಂಡರೆ ಆಗಲೇ ಎನ್95 ಮಾಸ್ಕ್ ಹಾಕಿಕೊಳ್ಳಿ.

ಆಮೇಲೆ ಡಬ್ಬಿಯ ಕೆಳಗೆ ಹಾಸಿದ ಪತ್ರಿಕೆ ನೋಡಿ. ಆರೋಗ್ಯವಂತ ಹಕ್ಕಿಯ ಹಿಕ್ಕೆಯಲ್ಲಿ ಮೂರು ಭಾಗ: ಗಟ್ಟಿ ಮಲ, ಸುಣ್ಣದಂಥ ಬಿಳಿ, ಸುತ್ತ ಒಂದಿಷ್ಟು ನೀರು. ಕಡು ಹಸಿರು ಹಿಕ್ಕೆ ಕಂಡ ತಕ್ಷಣ ಹೆದರಬೇಕಿಲ್ಲ, ಎರಡು ದಿನ ಉಪವಾಸ ಬಿದ್ದ ಹದ್ದೂ ಹಾಗೇ ಹಾಕುತ್ತದೆ. ಒಂದೆರಡು ಹೊತ್ತು ತಿಂದ ಮೇಲೂ ಹಸಿರಾಗೇ ಇದ್ದರೆ, ಬಿಳಿ ಭಾಗವೂ ನಿಂಬೆಹಸಿರಿಗೆ ತಿರುಗಿದ್ದರೆ ಲಿವರ್ ಕೆಟ್ಟಿದೆ. ಗಿಳಿ, ಪಾರಿವಾಳಗಳಲ್ಲಿ ಇದು ಕಂಡರೆ ನಾನು ಗಿಳಿಜ್ವರ ಎಂದುಕೊಂಡೇ ಮುಂದುವರಿಯುತ್ತೇನೆ.

ಎದೆಯ ನಡುವಿನ ಮೂಳೆಯನ್ನು ಬೆರಳಿನಿಂದ ಮುಟ್ಟಿ ನೋಡಿ. ಎರಡೂ ಬದಿ ಮಾಂಸ ತುಂಬಿದ್ದರೆ ಮೊನ್ನೆ ಮೊನ್ನೆ ಪೆಟ್ಟಾದ ಹಕ್ಕಿ. ಕತ್ತಿಯ ಅಲಗಿನಂತೆ ಚೂಪಾಗಿದ್ದರೆ ಅದು ವಾರಗಟ್ಟಲೆ ಒಳಗೊಳಗೇ ಸೊರಗಿದೆ, ಬಿದ್ದಿದ್ದು ಕೊನೆಯ ಹಂತ ಮಾತ್ರ. ಚೆನ್ನಾಗಿ ತಿನ್ನುತ್ತಲೇ ಸೊರಗುತ್ತಿದ್ದರೆ ಹಕ್ಕಿಗಳ ಕ್ಷಯವನ್ನೂ ವೈದ್ಯರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಗಟ್ಟಿಮುಟ್ಟಾದವರಿಗೆ ಅದರಿಂದ ಅಪಾಯ ಕಡಿಮೆ. ಕೀಮೋ ತೆಗೆದುಕೊಳ್ಳುತ್ತಿರುವವರು, ಅಂಗಾಂಗ ಕಸಿ ಮಾಡಿಸಿಕೊಂಡವರು, ರೋಗನಿರೋಧಕ ಶಕ್ತಿ ಕುಗ್ಗಿದವರು ಆ ಕೋಣೆಗೇ ಹೋಗಬಾರದು.

ಇನ್ನೊಂದು ಮಾತು. “ಮೈ ಸುಡ್ತಿದೆ, ಜ್ವರ ಬಂದಿದೆ” ಎಂದು ಫೋನ್ ಮಾಡುವವರು ಬಹಳ. ಹಕ್ಕಿಯ ಮೈ ಶಾಖವೇ 40ರಿಂದ 42 ಡಿಗ್ರಿ ಸೆಲ್ಸಿಯಸ್. ನಮ್ಮ ಕೈಗೆ ಅದು ಯಾವಾಗಲೂ ಬಿಸಿಯೇ. ತಣ್ಣಗಿದ್ದರೆ ಆಗ ಗಾಬರಿಯಾಗಬೇಕು.

ಗಾಯ ಹಸಿರಾಗಿದೆ

ಹೊಸದಾಗಿ ಬಂದವರು ಇಲ್ಲಿ ಸಾಮಾನ್ಯವಾಗಿ ಎಡವುತ್ತಾರೆ. ಹದ್ದಿನ ರೆಕ್ಕೆಯ ಮಾಂಜಾ ಗಾಯದ ಸುತ್ತ ಎರಡು ಮೂರನೇ ದಿನಕ್ಕೆ ಚರ್ಮ ಪಾಚಿ ಹಸಿರಾಗುತ್ತದೆ. ಕೊಳೆತೇ ಹೋಯಿತು ಎಂದುಕೊಳ್ಳುತ್ತೇವೆ. ಅದು ಬರೀ ಬಾಸುಂಡೆ. ಒಳಗೆ ಹೆಪ್ಪುಗಟ್ಟಿದ ರಕ್ತ ಕರಗುವಾಗ ಹಕ್ಕಿಗಳಲ್ಲಿ ಹಸಿರಾಗಿ ಉಳಿಯುತ್ತದೆ, ನಮ್ಮಂತೆ ಹಳದಿಗೆ ತಿರುಗುವುದಿಲ್ಲ.

ನಿಜವಾದ ಸೋಂಕನ್ನು ಹಿಡಿಯಲು ಮೂಗು, ಕಣ್ಣು ಎರಡೂ ಬೇಕು. ಕೆಟ್ಟ ವಾಸನೆ ಇದೆಯೇ? ಗಾಯದಾಚೆಯ ತುದಿ ಒಣಗಿ ಕಪ್ಪಾಗಿ, ತಣ್ಣಗಾಗಿದೆಯೇ? ಅಕ್ಕಿನುಚ್ಚಿನಂಥ ಬಿಳಿ ಕಣಗಳು ಪುಕ್ಕದ ಬುಡದಲ್ಲಿ ಅಂಟಿವೆಯೇ? ಅವು ನೊಣದ ಮೊಟ್ಟೆ, ಒಂದು ದಿನದೊಳಗೆ ಹುಳವಾಗುತ್ತವೆ. ಕೀವು ಒಸರುತ್ತಿಲ್ಲವಲ್ಲ ಎಂದು ಸಮಾಧಾನಪಟ್ಟುಕೊಳ್ಳಬೇಡಿ. ಹಕ್ಕಿಗಳಲ್ಲಿ ಕೀವು ನೀರಾಗಿ ಹರಿಯುವುದಿಲ್ಲ, ಒಡೆದ ಪನೀರಿನ ಹಾಗೆ ಗಟ್ಟಿಯಾಗಿ ಒಳಗೇ ಕೂರುತ್ತದೆ. ಹಿಸುಕಿದರೆ ಬರುವುದಿಲ್ಲ, ಪಶುವೈದ್ಯರೇ ಕೊಯ್ದು ತೆಗೆಯಬೇಕು. ಬಹುಕಾಲ ಗಟ್ಟಿ ನೆಲದ ಮೇಲೆ ನಿಂತ ಹದ್ದು, ಗೂಬೆಗಳ ಅಂಗಾಲು ಊದಿ ನಡುವೆ ಕಪ್ಪು ಕಜ್ಜಿ ಕಟ್ಟಿದರೂ ಒಳಗಿರುವುದು ಇಂಥದೇ ಕೀವು, ಹೆಚ್ಚಾಗಿ ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾದ್ದು. ಈ ದೋಷ ನಮ್ಮದೇ. ಕೂರುವ ಕೋಲಿಗೆ ಹಗ್ಗವನ್ನೋ ಕೃತಕ ಹುಲ್ಲನ್ನೋ ಸುತ್ತಿದ್ದರೆ ಬರುತ್ತಿರಲಿಲ್ಲ.

ಮನೆಯಲ್ಲಿ ಉಳಿದ ಆ್ಯಂಟಿಬಯೋಟಿಕ್ ಮಾತ್ರೆಯನ್ನು ಪುಡಿ ಮಾಡಿ ಗಾಯಕ್ಕೆ ಉದುರಿಸುವುದು, ನೀರಿಗೆ ಬೆರೆಸುವುದು ಬೇಡವೇ ಬೇಡ. ಉಪ್ಪುನೀರಿನ ಸಲೈನಿನಲ್ಲಿ ತೊಳೆದು, ಸಡಿಲವಾಗಿ ಬಟ್ಟೆ ಮುಚ್ಚಿ, ಕತ್ತಲ ಡಬ್ಬಿಯಲ್ಲಿಟ್ಟು ಆಸ್ಪತ್ರೆಗೆ ಸಾಗಿಸಿ. ಅಷ್ಟೇ ನಮ್ಮ ಪಾಲು.

ಬೆಕ್ಕು ಹಿಡಿದಿತ್ತು, ಗಾಯ ಏನೂ ಕಾಣ್ತಿಲ್ಲ

ಇಲ್ಲಿ ಕಾದು ನೋಡುವ ಮಾತೇ ಇಲ್ಲ. ಬೆಕ್ಕಿನ ಹಲ್ಲು ಸೂಜಿ ಇದ್ದ ಹಾಗೆ, ಪುಕ್ಕದಡಿ ತೂತು ಕಾಣುವುದೇ ಇಲ್ಲ. ಬೆಕ್ಕಿನ ಬಾಯಲ್ಲಿ ಪಾಶ್ಚುರೆಲ್ಲಾ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಮೊದಲ ದಿನ ಚುರುಕಾಗಿದ್ದ ಪಿಕಳಾರ ಎರಡನೇ ದಿನ ಬೆಳಿಗ್ಗೆ ಸತ್ತಿರುತ್ತದೆ, ರಕ್ತಕ್ಕೇ ನಂಜೇರಿ. ಬೆಕ್ಕಿನ ಬಾಯಿಂದ ಬಿಡಿಸಿದ್ದು ಎಂದು ಗೊತ್ತಿದ್ದರೆ ಅದೇ ದಿನ ಪಶುವೈದ್ಯರಿಗೆ ತೋರಿಸಿ, ಬೆಕ್ಕಿನ ವಿಷಯವನ್ನೇ ಮೊದಲು ಹೇಳಿ.

ಬಿಡಿಸುವಾಗ ಬೆಕ್ಕು ನಿಮಗೂ ಪರಚಿತೇ? ಹಕ್ಕಿಯಿಂದ ರೇಬೀಸ್ ಬರುವುದಿಲ್ಲ, ಬೆಕ್ಕಿನಿಂದ ಬರುತ್ತದೆ. ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆಯ ಬಗ್ಗೆ ಕೇಳಿ. ಹಕ್ಕಿಯ ಗಡಿಬಿಡಿಯಲ್ಲಿ ಈ ಪರಚು ಮರೆತೇಹೋಗುತ್ತದೆ.

ಉಗುರು ತಾಕಿದ ಕೈ ಊದಿದೆ

ಹದ್ದು, ಗೂಬೆಗಳ ಆಯುಧ ಕೊಕ್ಕಲ್ಲ, ಕಾಲು. ಒಮ್ಮೆ ಕರಿಹದ್ದೊಂದರ ರೆಕ್ಕೆ ಬಿಡಿಸಿ ನೋಡುತ್ತಿದ್ದಾಗ ನನ್ನ ಹೆಬ್ಬೆರಳಿನ ಬುಡಕ್ಕೆ ಉಗುರು ಇಳಿಸಿತು. ಹೊರಗೆ ಕಂಡಿದ್ದು ಸಾಸಿವೆ ಕಾಳಿನಷ್ಟು ತೂತು, ಎರಡು ಹನಿ ರಕ್ತ. ಇಂಥ ಗಾಯವೇ ಕೆಟ್ಟದ್ದು. ಮೇಲೆ ಬೇಗ ಮುಚ್ಚಿಕೊಂಡು, ಕೊಳೆತ ಮಾಂಸದಲ್ಲಿ ಆಡಿದ ಉಗುರಿನ ಕೊಳೆಯನ್ನು ಒಳಗೇ ಉಳಿಸಿಕೊಳ್ಳುತ್ತದೆ. ಚರ್ಮದ ದಪ್ಪ ಗ್ಲೌಸಿನ ಸೀಳಿನಲ್ಲಿ ಉಗುರು ನುಗ್ಗಿತ್ತು. ಆ ಗ್ಲೌಸು ಹಿಂದಿನ ತಿಂಗಳು ಎಷ್ಟು ಹಕ್ಕಿಯ ಹಿಕ್ಕೆ ಕಂಡಿತ್ತೋ. ಈಗ ಅದರೊಳಗೆ ತೆಳು ನೈಟ್ರೈಲ್ ಗ್ಲೌಸ್ ಹಾಕುತ್ತೇನೆ, ತೆಗೆದ ಮೇಲೂ ಕೈ ತೊಳೆಯುತ್ತೇನೆ.

ತಕ್ಷಣ ಸೋಪುನೀರು. ಆಮೇಲೆ ಪೆನ್ನಿನಲ್ಲಿ ಕೆಂಪಾದ ಜಾಗದ ಅಂಚಿಗೆ ಗೆರೆ ಎಳೆದು ಸಮಯ ಬರೆಯಿರಿ. ನಾಲ್ಕು ಗಂಟೆ ಬಿಟ್ಟು ನೋಡಿ. ಕೆಂಪು ಗೆರೆ ದಾಟಿದ್ದರೆ ಸೋಂಕು ಹರಡುತ್ತಿದೆ, ಡಾಕ್ಟರ ಹತ್ತಿರ ಹೋಗಿ. ತೋಳಿನತ್ತ ಕೆಂಪು ಎಳೆ ಏರುತ್ತಿದ್ದರೆ, ಬೆರಳು ಮಡಿಸಲು ಆಗದಿದ್ದರೆ, ಚಳಿ ಜ್ವರ ಬಂದರೆ ಬೆಳಗಾಗುವವರೆಗೆ ಕಾಯಬೇಡಿ. ಬೆರಳಿನ ಕೀಲು, ಸ್ನಾಯುರಜ್ಜುವಿಗೆ ಕೀವು ಇಳಿದರೆ ಕೈ ಸೆಟೆದೇ ಉಳಿಯಬಹುದು. ಧನುರ್ವಾಯು ಲಸಿಕೆ ಐದು ವರ್ಷಕ್ಕಿಂತ ಹಳೆಯದಾಗಿದ್ದರೆ, ಕೊನೆಯದು ಯಾವಾಗ ಹಾಕಿಸಿದ್ದು ಎಂದೇ ನೆನಪಿಲ್ಲದಿದ್ದರೆ, ಅದನ್ನೂ ಕೇಳಿ.

ಬೆಳ್ಳಕ್ಕಿ, ಕೊಕ್ಕರೆ, ಮಿಂಚುಳ್ಳಿ ನೋಡಿಕೊಳ್ಳುವವರಿಗೆ ಇನ್ನೊಂದು ಬಗೆ ಇದೆ. ಮೀನಿನ ಮುಳ್ಳು ಚುಚ್ಚಿದ ಬೆರಳು ಎರಡರಿಂದ ಏಳು ದಿನದೊಳಗೆ ನೇರಳೆಗೆಂಪಾಗಿ ಊದಿ, ತೂತಿನ ಗಾತ್ರಕ್ಕೆ ಹೊಂದದಷ್ಟು ನೋಯುತ್ತದೆ, ಕೀವು ಮಾತ್ರ ಇರುವುದಿಲ್ಲ. ಎರಿಸಿಪೆಲೋಥ್ರಿಕ್ಸ್ ಎಂಬ ಬ್ಯಾಕ್ಟೀರಿಯಾದ ಕೆಲಸ. ಮೀನುಗಾರರು, ಕಸಾಯಿಯವರಿಗೂ ಬರುವಂಥದ್ದು. “ಹಕ್ಕಿಗೆ ಮೀನು ಹಾಕ್ತೀನಿ” ಎಂಬ ಒಂದು ಮಾತು ಡಾಕ್ಟರಿಗೆ ದಾರಿ ತೋರಿಸುತ್ತದೆ. ಅಂದ ಹಾಗೆ ಕೊಕ್ಕರೆಗಳು ಕಣ್ಣಿಗೇ ಗುರಿಯಿಟ್ಟು ಕುಕ್ಕುತ್ತವೆ. ಕನ್ನಡಕ ಹಾಕದೆ ಮುಖದ ಹತ್ತಿರ ಹಿಡಿಯಬೇಡಿ.

ಹೊಟ್ಟೆ ಕೆಟ್ಟಿದೆ

ನಿನ್ನೆಯ ಪಾನಿಪೂರಿಯನ್ನು ಬೈಯುವ ಮೊದಲು ನಿಮ್ಮ ಫೋನ್ ನೋಡಿ. ಹದ್ದಿಗೆ ಹಸಿ ಕೋಳಿ ತುಂಡು ಮಾಡುತ್ತಿರುತ್ತೇವೆ, ಫೋನ್ ರಿಂಗ್ ಆಗುತ್ತದೆ, ಒಂದು ಬೆರಳಿನಲ್ಲಿ ಸ್ಪೀಕರ್ ಒತ್ತುತ್ತೇವೆ. ಕೆಲಸ ಮುಗಿಸಿ ಕೈಯನ್ನೇನೋ ನೀಟಾಗಿ ತೊಳೆಯುತ್ತೇವೆ. ಅದೇ ಫೋನ್ ಹಿಡಿದುಕೊಂಡು ಖಾರಾಪುರಿ ತಿನ್ನುತ್ತೇವೆ. ನಮ್ಮಲ್ಲಿ ಒಂದೇ ವಾರ ಮೂವರಿಗೆ ಭೇದಿಯಾದಾಗ ಹಕ್ಕಿಗಳನ್ನೆಲ್ಲ ಅನುಮಾನಿಸಿದ್ದೆವು. ಕೊನೆಗೆ ನೋಡಿದರೆ ಹಕ್ಕಿಗೆ ಹಾಕುವ ಮಾಂಸ ಕತ್ತರಿಸುವ ಚಾಕುವನ್ನೂ ಟೀ ಲೋಟವನ್ನೂ ಒಂದೇ ಸಿಂಕಿನಲ್ಲಿ, ಒಂದೇ ಸ್ಕ್ರಬ್ಬರಿನಲ್ಲಿ ತೊಳೆಯುತ್ತಿದ್ದೆವು.

ಕ್ಯಾಂಪಿಲೋಬ್ಯಾಕ್ಟರ್ ಕೆಲವು ನೂರು ಕಣ ಒಳಹೋದರೂ ಸಾಕು, ಕಾಯಿಲೆ ತರಬಲ್ಲದು. ಹಾಗಾಗಿ ಆರೋಗ್ಯವಾಗಿ ಕಾಣುವ ಕಾಗೆಯೂ ಲೆಕ್ಕಕ್ಕೆ ಬರುತ್ತದೆ. ಹೆಚ್ಚಿನವರಿಗೆ ಓಆರ್‌ಎಸ್ ಮತ್ತು ವಿಶ್ರಾಂತಿಯಲ್ಲಿ ವಾರದೊಳಗೆ ತಾನಾಗೇ ನಿಲ್ಲುತ್ತದೆ. ಭೇದಿಯಲ್ಲಿ ರಕ್ತ ಕಂಡರೆ, 102 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರ ಇದ್ದರೆ, ಮೂರು ದಿನವಾದರೂ ತಗ್ಗದಿದ್ದರೆ, ಮೂತ್ರ ಕಡಿಮೆಯಾದರೆ ವೈದ್ಯರಲ್ಲಿಗೆ ಹೋಗಿ. ಚಿಕ್ಕ ಮಕ್ಕಳು, ವಯಸ್ಸಾದವರು, ಬಸುರಿಯರ ವಿಷಯದಲ್ಲಿ ಅಷ್ಟೂ ಕಾಯಬೇಡಿ. ಕ್ಯಾಂಪಿಲೋಬ್ಯಾಕ್ಟರ್ ಭೇದಿ ನಿಂತ ಒಂದೆರಡು ವಾರದ ಮೇಲೆ ಕಾಲು ಜೋಮು ಹಿಡಿದು ಬಲ ಕುಂದತೊಡಗಿದರೆ ನೇರವಾಗಿ ಆಸ್ಪತ್ರೆಗೆ. ಅಪರೂಪ, ಆದರೆ ನರಕ್ಕೆ ತಾಕುವ ಗಿಯಾನ್-ಬಾರೆ ಹೀಗೇ ಶುರುವಾಗುತ್ತದೆ.

ಜ್ವರ, ತಲೆನೋವು, ಒಣಕೆಮ್ಮು

ಇದು ನನ್ನದೇ ಕತೆ. ಪಾರಿವಾಳದ ಕೋಣೆಯನ್ನು ಒಂದು ಭಾನುವಾರ ಪೊರಕೆ ತೆಗೆದುಕೊಂಡು ಗುಡಿಸಿದೆ. ಒಣಗಿದ ಹಿಕ್ಕೆ, ಕಿಟಕಿಯ ಬಿಸಿಲಿನಲ್ಲಿ ಹೊಳೆಯುತ್ತಾ ತೇಲುವ ದೂಳು, ಮೂಗಿಗೆ ಟವೆಲ್. ಒಂಬತ್ತನೆಯ ದಿನ ತಲೆ ಸಿಡಿಯುವ ನೋವು, 103 ಡಿಗ್ರಿ ಜ್ವರ. ಡೆಂಗಿ ಇಲ್ಲ, ಟೈಫಾಯ್ಡ್ ಇಲ್ಲ. ಅಮಾಕ್ಸಿಸಿಲಿನ್ ಐದು ದಿನ ನುಂಗಿದರೂ ಜ್ವರ ಜಗ್ಗಲಿಲ್ಲ. ಆಮೇಲೆ ಕೆಮ್ಮು, ಎಕ್ಸ್‌ರೇಯಲ್ಲಿ ಶ್ವಾಸಕೋಶದ ಕೆಳಭಾಗದಲ್ಲಿ ಮಬ್ಬು. ಡಾಕ್ಟರು “ಮನೇಲಿ ಹಕ್ಕಿಗಿಕ್ಕಿ ಸಾಕಿದ್ದೀರಾ?” ಎಂದು ಕೇಳಿಯೇ ಕೇಳಿದರು. ನಾನು ಇಲ್ಲ ಅಂದೆ. ಸುಳ್ಳೇನಲ್ಲ, ನಾನು ಸಾಕಿರಲಿಲ್ಲವಲ್ಲ, ಬೇರೆ ಕಡೆ ಹೋಗಿ ನೋಡಿಕೊಳ್ಳುತ್ತಿದ್ದೆ! ಪಕ್ಕದಲ್ಲಿ ಕೂತಿದ್ದ ಅಕ್ಕ, “ವಾರಾವಾರ ಪಾರಿವಾಳದ ಹಿಕ್ಕೆ ಬಳಿಯೋಕೆ ಹೋಗ್ತಾನಲ್ಲ ಡಾಕ್ಟ್ರೇ” ಅಂದಳು. ಔಷಧ ಡಾಕ್ಸಿಸೈಕ್ಲಿನ್‌ಗೆ ಬದಲಾಯಿತು. ಎರಡು ದಿನಕ್ಕೆ ಜ್ವರ ಇಳಿಯಿತು.

ಗಿಳಿಜ್ವರ ಎಂಬ ಹೆಸರೇ ಜನರನ್ನು ದಾರಿ ತಪ್ಪಿಸುತ್ತದೆ. ಕ್ಲಮೈಡಿಯಾ ಸಿಟಾಸಿ ಎಂಬ ಈ ಬ್ಯಾಕ್ಟೀರಿಯಾ ಪಾರಿವಾಳಗಳಲ್ಲೂ ಧಾರಾಳ. ನೋಡಲು ಚೆನ್ನಾಗಿರುವ ಹಕ್ಕಿಯೇ ಅದನ್ನು ಹೊತ್ತಿರಬಹುದು. ಹಿಡಿದು, ಡಬ್ಬಿಗೆ ಹಾಕಿ, ಆಟೋದಲ್ಲಿ ತಂದ ಒತ್ತಡಕ್ಕೆ ಹಿಕ್ಕೆಯಲ್ಲಿ ಹೆಚ್ಚು ಹೊರಬರತೊಡಗುತ್ತದೆ. ಒಣಗಿದ ಹಿಕ್ಕೆಯಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು, ದೂಳಾಗಿ ಉಸಿರಿನೊಳಗೆ ಹೋಗುತ್ತದೆ. ಮುಟ್ಟದೇ ಇದ್ದವರಿಗೂ ಬರುವುದು ಹೀಗೆ. ಪೆನಿಸಿಲಿನ್ ಜಾತಿಯ ಔಷಧಿಗಳಿಗೆ ಇದು ಸರಿಯಾಗಿ ಬಗ್ಗುವುದಿಲ್ಲ, ಆದ್ದರಿಂದಲೇ ಡಾಕ್ಟರಿಗೆ ಹಕ್ಕಿಯ ಸುಳಿವು ಬೇಕೇ ಬೇಕು. ಬಸುರಿಯರಲ್ಲಿ ಇದು ತಾಯಿ ಮಗು ಇಬ್ಬರಿಗೂ ಗಂಭೀರವಾಗಬಹುದು.

ಇಲ್ಲೊಂದು ಕವಲಿದೆ. ಗೂಡು ಸ್ವಚ್ಛ ಮಾಡಿದ ನಾಲ್ಕರಿಂದ ಎಂಟು ಗಂಟೆಯಲ್ಲಿ ಕೆಮ್ಮು, ಮೈಕೈ ನೋವು, ಏದುಸಿರು ಬಂದು ಮರುದಿನ ಮಾಯವಾಗಿ, ಮುಂದಿನ ವಾರ ಗುಡಿಸಿದಾಗ ಮತ್ತೆ ಬಂದರೆ ಅದು ಬಹುಶಃ ಬ್ಯಾಕ್ಟೀರಿಯಾ ಅಲ್ಲ. ಪುಕ್ಕ, ಹಿಕ್ಕೆಯ ದೂಳಿಗೆ ಶ್ವಾಸಕೋಶ ತೋರಿಸುವ ಅಲರ್ಜಿ. ಆ್ಯಂಟಿಬಯೋಟಿಕ್ ಇದಕ್ಕೆ ನಾಟುವುದಿಲ್ಲ. ಹಾಗೇ ಮುಂದುವರಿದರೆ ಶ್ವಾಸಕೋಶ ಶಾಶ್ವತವಾಗಿ ಗಡುಸಾಗಬಹುದು. ನಮ್ಮ ಗೆಳೆಯರೊಬ್ಬರು ಈ ಕಾರಣಕ್ಕೇ ಪಾರಿವಾಳ ಬಿಟ್ಟು ಈಗ ಬರೀ ಆ್ಯಂಬುಲೆನ್ಸ್ ಓಡಿಸುತ್ತಾರೆ.

ಉಸಿರು ಕಟ್ಟಿದರೆ, ಮಾತು ತೊದಲಿದರೆ, ಗೊಂದಲವಾದಂತೆ ಆಡಿದರೆ ತುರ್ತು ವಿಭಾಗಕ್ಕೇ ಹೋಗಿ.

ಒಂದೇ ಕಡೆ ಹಲವು ಹಕ್ಕಿ ಬಿದ್ದಿವೆ

ಇಲ್ಲಿ ಕೈ ಹಿಂದಕ್ಕೆ ತೆಗೆದುಕೊಳ್ಳಿ. ಮುಟ್ಟಬೇಡಿ, ಎತ್ತಿಕೊಂಡು ಬರಬೇಡಿ, ನಾಯಿಯನ್ನು ದೂರವಿಡಿ. ಕರ್ನಾಟಕದಲ್ಲಿ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೂ ಹತ್ತಿರದ ಪಶುವೈದ್ಯಕೀಯ ಆಸ್ಪತ್ರೆಗೂ ತಿಳಿಸಿ. 2025ರ ಆರಂಭದಲ್ಲಿ ಬಳ್ಳಾರಿ, ಚಿಕ್ಕಬಳ್ಳಾಪುರ ಜಿಲ್ಲೆಗಳ ಕೋಳಿಗಳಲ್ಲಿ ಹಕ್ಕಿಜ್ವರ ಪತ್ತೆಯಾಗಿತ್ತು. ಅದು ವೈರಸ್, ಈ ಬರಹದ ಯಾವ ಪರೀಕ್ಷೆಯೂ ಅದಕ್ಕೆ ಸಾಲದು.

ಹಾಗೆಂದು ಎಲ್ಲ ಸಾಮೂಹಿಕ ಸಾವೂ ಹಕ್ಕಿಜ್ವರವಲ್ಲ. 2019ರ ನವೆಂಬರಿನಲ್ಲಿ ರಾಜಸ್ಥಾನದ ಸಾಂಭರ್ ಸರೋವರದಲ್ಲಿ ಸಾವಿರಾರು ವಲಸೆ ಹಕ್ಕಿಗಳು ಸತ್ತದ್ದು ಬಾಟುಲಿಸಂನಿಂದ. ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾ ಕೊಳೆತ ಹೆಣಗಳಲ್ಲಿ ವಿಷ ಕಟ್ಟುತ್ತದೆ, ಆ ಹೆಣದ ಹುಳ ತಿಂದ ಹಕ್ಕಿಯ ಕಾಲು, ರೆಕ್ಕೆ ಸೋತು ಕೊನೆಗೆ ಕತ್ತು ಜೋತುಬೀಳುತ್ತದೆ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ 2017-18ರಲ್ಲಿ ಹೆಜ್ಜಾರ್ಲೆಗಳು ಒಂದೊಂದಾಗಿ ಸತ್ತಾಗ ಕಾರಣ ಹೊಟ್ಟೆಯ ಜಂತುಹುಳು ಎಂದು ಗೊತ್ತಾಗಿತ್ತು. ದೂರದಲ್ಲಿ ನಿಂತು ನೋಡಿದರೆ ಮೂರೂ ಒಂದೇ ಥರ ಕಾಣುತ್ತವೆ. ತೀರ್ಪು ಲ್ಯಾಬಿನದ್ದೇ.

ಒಂಟಿ ಹಕ್ಕಿಯಾದರೂ ಮನೆಯಲ್ಲೇ ಇಟ್ಟುಕೊಳ್ಳುವಂತಿಲ್ಲ. ಗಿಳಿ, ಹದ್ದು, ಗೂಬೆಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುತ್ತವೆ. ಒಂದು ರಾತ್ರಿ ಡಬ್ಬಿಯಲ್ಲಿಟ್ಟು ಬೆಳಿಗ್ಗೆ ತಲುಪಿಸುವುದಷ್ಟೇ ನಮ್ಮ ಮಿತಿ. ಬೆಂಗಳೂರಿನವರಿಗೆ ಕೆಂಗೇರಿ ಕಡೆಯ ಪೀಪಲ್ ಫಾರ್ ಆ್ಯನಿಮಲ್ಸ್ ವನ್ಯಜೀವಿ ಆಸ್ಪತ್ರೆ ಇದೆ.

ಎಲ್ಲ ಮಾಡಿದರೂ ಮತ್ತೆ ಮತ್ತೆ ಸೋಂಕು

ಹಾಗಾದರೆ ದೋಷ ತೊಳೆಯುವ ಕ್ರಮದಲ್ಲಿದೆ. ಹಿಕ್ಕೆಯ ಮೇಲೆ ನೇರವಾಗಿ ಬ್ಲೀಚ್ ಸುರಿಯುತ್ತಿದ್ದೀರಾ? ಕೊಳೆಯ ಮೇಲೆ ಬಿದ್ದ ಬ್ಲೀಚ್ ಕೊಳೆಯಲ್ಲೇ ಸೋತುಹೋಗುತ್ತದೆ. ಮೊದಲು ನೀರು ಚಿಮುಕಿಸಿ ನೆನೆಸಿ, ಪತ್ರಿಕೆ ಸಮೇತ ಮಡಿಸಿ ತೆಗೆಯಿರಿ. ಪೊರಕೆ ಬೇಡ. ಸೋಪುನೀರಿನಲ್ಲಿ ಉಜ್ಜಿ. ಆಮೇಲೆ ಒಂದು ಪಾಲು ಮನೆಬಳಕೆಯ ಬ್ಲೀಚಿಗೆ ಮೂವತ್ತು ಪಾಲು ನೀರು ಬೆರೆಸಿ ಹಚ್ಚಿ, ಹತ್ತು ನಿಮಿಷ ಒದ್ದೆಯಾಗೇ ಬಿಡಿ, ತೊಳೆದು ಬಿಸಿಲಿಗಿಡಿ. ಹಕ್ಕಿ ಬೇರೆ ಕೋಣೆಯಲ್ಲಿರಲಿ. ನಿನ್ನೆ ಬೆರೆಸಿಟ್ಟ ದ್ರಾವಣ ಇವತ್ತಿಗೆ ಸಪ್ಪೆ. ಟಾಯ್ಲೆಟ್ ತೊಳೆಯುವ ಆ್ಯಸಿಡ್ಡನ್ನು ಬ್ಲೀಚಿಗೆ ಯಾವ ಕಾರಣಕ್ಕೂ ಸೇರಿಸಬೇಡಿ, ಏಳುವುದು ಕ್ಲೋರಿನ್ ಅನಿಲ.

ನಮ್ಮ ಶೆಡ್ಡಿನ ಬಾಗಿಲ ಹಿಂದೆ ಮೊಳೆಗೆ ತೂಗುಹಾಕಿದ ಇನ್ನೂರು ಪುಟದ ನೋಟ್‌ಬುಕ್ ಇದೆ. ಯಾವ ಹಕ್ಕಿ, ಎಲ್ಲಿಂದ ಬಂತು, ಯಾರು ಮುಟ್ಟಿದರು, ಹಿಕ್ಕೆ ಹೇಗಿತ್ತು, ಬದುಕಿತೋ ಸತ್ತಿತೋ. ಯಾರಿಗಾದರೂ ಮೈ ಬಿಸಿಯಾದರೆ ಆ ಪುಟದ ಫೋಟೊ ತೆಗೆದುಕೊಂಡು ಆಸ್ಪತ್ರೆಗೆ ಹೋಗುತ್ತಾರೆ. ಡಾಕ್ಟರು ಕೇಳಲಿ ಬಿಡಲಿ, ಒಳಗೆ ಹೋಗಿ ಕೂತ ಕೂಡಲೇ ಹೇಳಬೇಕಾದದ್ದನ್ನು ನೋಟ್‌ಬುಕ್ಕಿನ ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದೇವೆ: “ಹನ್ನೊಂದು ದಿನದ ಹಿಂದೆ ಮೂರು ಪಾರಿವಾಳ ನೋಡಿಕೊಂಡೆ, ಒಂದು ಸತ್ತಿತು, ಮಾಸ್ಕ್ ಹಾಕಿರಲಿಲ್ಲ.” ದಿನ, ಹಕ್ಕಿ ಬದಲಾಯಿಸಿಕೊಳ್ಳಿ.